ಅವ್ವನ ಹೆಸರಿನ ಗುಡಿಸು

ಕನ್ನಡ ಶಾಲೆಯಲ್ಲಿ ಕಾಗುಣಿತ ಕಲಿತವರಿಗೆಲ್ಲ ಗುಡಿಸು ಗೊತ್ತು. ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ. ಅಕ್ಷರದ ನೆತ್ತಿಯ ಮೇಲೆ ಸುತ್ತಿಕೊಂಡು ಕೂರುವ ‘ಇ’ಕಾರದ ಗುರುತಿಗೆ ಆ ಹೆಸರು. ನಾನೂ ತಂಗಿಯೂ ಸಂಜೆ ಜಗಲಿಯ ಮೇಲೆ ಕೂತು ಇದನ್ನು ರಾಗ ಎಳೆದು ಕೂಗುತ್ತಿದ್ದರೆ, ಅವ್ವ ಪಕ್ಕದಲ್ಲಿ ಕಾಲು ಚಾಚಿಕೊಂಡು ಕೂತಿರುತ್ತಿದ್ದಳು. ಬೆಳಗಿನಿಂದ ಶಾಲೆಯ ಅಂಗಳ, ಪಟೇಲರ ಮನೆಯ ಕೊಟ್ಟಿಗೆ, ಮೇಲಿನ ಬೀದಿಯ ಮೋರಿಬದಿ ಎಲ್ಲ ಗುಡಿಸಿ ಬಂದಿರುತ್ತಿದ್ದಳು. ನಮ್ಮ ಪಾಠ ಕೇಳಿ ಅವಳಿಗೆ ನಗು.

“ಅಲ್ಲ ಕಣ್ರಲಾ, ನಿಮ್ ಅಕ್ಸರಕ್ಕೂ ಗುಡ್ಸಾದು ತಪ್ಪಿಲ್ವಾ?”

ಅವ್ವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಎರಡರಲ್ಲಿ ಒಂದು ರೀತಿ ಬರೆಯಬೇಕು. ಒಂದು ರೀತಿ ಬರೆಯಲು ಮನಸ್ಸು ಒಪ್ಪುವುದಿಲ್ಲ, ಇನ್ನೊಂದು ರೀತಿ ಬರೆಯಲು ಈಗ ಭಯ. ಅವಳ ಹೆಸರು ಗುಡಿಸಿನಲ್ಲಿ ಮುಗಿಯುತ್ತಿತ್ತು ಅಂದರೆ ಸಾಕು, ನಮ್ಮ ಕಡೆಯವರಿಗೆ ತಿಳಿಯುತ್ತದೆ. ಮೇಲಿನ ಬೀದಿಯಲ್ಲೂ ಅದೇ ದೇವರ ಹೆಸರಿಟ್ಟುಕೊಂಡ ಹೆಂಗಸೊಬ್ಬಳಿದ್ದಳು. ಅವಳ ಹೆಸರು ಮುಗಿಯುತ್ತಿದ್ದುದು ‘ಮ್ಮ’ದಲ್ಲಿ. ಹಿಂದೆ ಯಾವನೋ ಮನೆಮನೆಯ ಹೆಸರು ಬರೆದುಕೊಳ್ಳುವವನು ಊರಿಗೆ ಬಂದು, ಮೇಲಿನ ಬೀದಿಯಲ್ಲಿ ಅಮ್ಮ, ಅಪ್ಪ, ಅಯ್ಯ ಅಂತ ಧಾರಾಳವಾಗಿ ಬರೆದು, ನಮ್ಮ ಕೇರಿಗೆ ಇಳಿಯುವ ಹೊತ್ತಿಗೆ ಅವನ ಪೆನ್ನಿನಲ್ಲಿ ಶಾಯಿ ಮುಗಿದಿತ್ತೇನೋ. ಕೊಟ್ಟಿಗೆ ಬಾಗಿಲಲ್ಲಿ ನಿಂತು ಹೇಗೆ ಕೂಗುತ್ತಿದ್ದರೋ ಹಾಗೇ ಬರೆದುಕೊಂಡು ಹೋದ. ಆಮೇಲೆ ಬಂದ ರೇಷನ್ ಕಾರ್ಡು, ಆಧಾರ್, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲವೂ ಅವನನ್ನೇ ನಂಬಿದವು.

ತಂಗಿ ಓದಿ, ಕಂಪ್ಯೂಟರ್ ಕಲಿತು, ತಿ. ನರಸೀಪುರದ ಕಡೆಯ ಒಂದು ಕಚೇರಿಯಲ್ಲಿ ಆಪರೇಟರ್ ಆದಳು. ಯಾವ ಕಚೇರಿ ಅಂತ ಹೇಳುವುದಿಲ್ಲ. ಹೇಳಿದರೆ ನನ್ನ ಮೇಲೂ ಒಂದು ಕೇಸು ಜಡಿದಾರು. ಹೊರಗುತ್ತಿಗೆ ಕೆಲಸ. ಆದರೂ ಕೇರಿಯಲ್ಲಿ ಕುರ್ಚಿ ಮೇಲೆ ಕೂತು ಕೆಲಸ ಮಾಡುವ ಮೊದಲ ಹೆಣ್ಣುಮಗಳು ಅವಳು. ಊರಲ್ಲಿ ಅವ್ವನ ಜೊತೆಯೇ ಇದ್ದು ಬಸ್ಸಿನಲ್ಲಿ ಓಡಾಡುತ್ತಿದ್ದಳು. ನನ್ನದು ತಾಂಡ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ, ನಂಜನಗೂಡಿನಲ್ಲಿ ಬಾಡಿಗೆ ಮನೆ. ನಮ್ಮೂರು ಎರಡು ಪಟ್ಟಣಗಳ ನಡುವೆ, ಬಸ್ಸಿನ ದಾರಿಯಲ್ಲೇ ಸಿಗುತ್ತದೆ.

ಆ ಕಚೇರಿಯಲ್ಲಿ ದಾಖಲೆ ತಿದ್ದುವ ಅಧಿಕಾರ ಇದ್ದದ್ದು ಸಾಹೇಬರೊಬ್ಬರಿಗೆ. ಸಾಹೇಬರಿಗೆ ಕಂಪ್ಯೂಟರ್ ಕಂಡರೆ ಆಗುತ್ತಿರಲಿಲ್ಲ. “ನನ್ ಲಾಗಿನ್ನಲ್ಲಿ ಓಗಿ ಮುಗ್ಸಮ್ಮ” ಅಂತ ಹೇಳಿ ಜೀಪು ಹತ್ತುತ್ತಿದ್ದರು. ಪಾಸ್‌ವರ್ಡ್ ಅನ್ನುವುದು ಅಲ್ಲಿ ಗೋಡೆಗೆ ನೇತು ಹಾಕಿದ ಬೀಗದಕೈ ಇದ್ದ ಹಾಗೆ, ಬೇಕಾದವರು ತೆಗೆದುಕೊಂಡು ಮತ್ತೆ ಅಲ್ಲೇ ಹಾಕುತ್ತಿದ್ದರು. ಬದಲಾಯಿಸು ಅಂತ ಮೇಲಿನಿಂದ ಸೂಚನೆ ಬಂದರೆ ಸಾಹೇಬರು ಹಾಲ್‌ನಲ್ಲಿ ನಿಂತು, “ಇವತ್ತಿಂದ ಕೊನೇಲಿ ಎರಡು ಅಂತ ಒತ್ಕಳ್ರಪ್ಪಾ” ಅಂತ ಎಲ್ಲರಿಗೂ ಕೇಳುವ ಹಾಗೆ ಕೂಗುತ್ತಿದ್ದರು. ಟೀ ತರುವವನಿಗೂ ಅದು ಗೊತ್ತಿತ್ತು.

ಒಂದು ಮಧ್ಯಾಹ್ನ ಸಾಹೇಬರು ನೆಂಟರ ಮದುವೆಗೆ ಹೋಗಿದ್ದರು. ತಂಗಿ ಅವರ ಲಾಗಿನ್ನಿನಲ್ಲೇ ಕೂತು ಹೋಬಳಿಯ ವೃದ್ಧಾಪ್ಯ ವೇತನದ ಹೆಸರುಗಳನ್ನು ನೋಡುತ್ತಿದ್ದಳು. ನಮ್ಮೂರು ಬಂತು, ನಮ್ಮ ಕೇರಿ ಬಂತು, ಅವ್ವ ಬಂದಳು. ಮೇಲಿನ ಬೀದಿಯ ಅದೇ ಹೆಸರಿನ ಹೆಂಗಸೂ ಅವ್ವನ ಮೇಲಿನ ಸಾಲಿನಲ್ಲೇ ಇದ್ದಳು. ಒಂದು ಸಾಲಿನಲ್ಲಿ ‘ಮ್ಮ’, ಅದರ ಕೆಳಗೆ ಗುಡಿಸು. ತಂಗಿ ಗುಡಿಸು ಅಳಿಸಿ ‘ಮ್ಮ’ ಒತ್ತಿದಳು.

ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ ಗೊತ್ತಿಲ್ಲ. ಆದರೆ ಅವ್ವನಿಗೊಬ್ಬಳಿಗೆ ಮಾಡಿಕೊಂಡು ಏಳುವ ಜಾಯಮಾನ ಅವಳದಲ್ಲ. ಕೇರಿಯ ಅಷ್ಟೂ ಮುದುಕಿಯರ ಹೆಸರಿನ ಗುಡಿಸು ತೆಗೆದು ‘ಮ್ಮ’ ಸೇರಿಸಿ ಎದ್ದಳು. ಆ ಭಾನುವಾರ ನಾನು ಊರಿಗೆ ಹೋದಾಗ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಹೇಳಿದಳು. ಕಣ್ಣು ಮಿನುಗುತ್ತಿತ್ತು.

“ಅವ್ವಂಗೆ ಈಗ್ಲೇ ಏಳ್ಬ್ಯಾಡ ಅಣ್ಣ. ವೇತನದ ಚೀಟಿ ಬತ್ತದಲ್ಲ, ಅದ್ನ ಓದಿ ಏಳ್ತೀನಿ.”

ನಾನು ಅವಳ ತಲೆ ಸವರಿದೆ. ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಚೀಟಿ ಬರಲೇ ಇಲ್ಲ. ಬ್ಯಾಂಕಿನಲ್ಲೂ ಆಧಾರ್‌ನಲ್ಲೂ ಗುಡಿಸು ಹಾಗೇ ಇತ್ತಲ್ಲ. ಕಂಪ್ಯೂಟರಿನ ಕಣ್ಣಿಗೆ ಗುಡಿಸಿನವಳು ಬೇರೆ, ‘ಮ್ಮ’ದವಳು ಬೇರೆ. ಕೇರಿಯ ಮುದುಕಿಯರಿಗೆಲ್ಲ ವೇತನ ನಿಂತುಹೋಯಿತು. ಬ್ಯಾಂಕಿಗೆ ಹೋದರು, ಬಂದರು, ಮತ್ತೆ ಹೋದರು. ನಮ್ಮ ಪಕ್ಕದ ಮನೆಯ ದೊಡ್ಡವ್ವ ಬಿಪಿ ಮಾತ್ರೆ ಬಿಟ್ಟು ತಲೆಸುತ್ತಿ ಬಚ್ಚಲಲ್ಲಿ ಬಿದ್ದಳು. ತಂಗಿಗೆ ಆಗ ಹೊಳೆಯಿತು. ವಾಪಸು ತಿದ್ದಲು ನೋಡಿದರೆ ಆ ಹೆಸರುಗಳನ್ನು ಪರಿಶೀಲನೆಗೆ ಅಂತ ಮೇಲಿನವರು ಮುಚ್ಚಿಬಿಟ್ಟಿದ್ದರು. ಅವಳು ದೊಡ್ಡವ್ವನ ಹತ್ತಿರ ಹೋಗಿ, ನನ್ನಿಂದಲೇ ಹೀಗಾದದ್ದು, ಹೆಸರಿಗೆ ಅಮ್ಮ ಸೇರಿಸಿದೆ ಅಂತ ಹೇಳಿಕೊಂಡು ಅತ್ತಳು. ದೊಡ್ಡವ್ವನಿಗೆ ಅಳು ಬೇಕಿರಲಿಲ್ಲ.

“ಯಾರು ಕೇಳುದ್ರು ಕೂಸೇ ನಿನ್ನ? ಅಮ್ಮ ಅನ್ನುಸ್ಕಂಡು ನಾನೇನ್ ಮಾಡ್ಲಿ, ಮಾತ್ರೆ ನುಂಗ್ದಂಗಾದದಾ?”

ಅದು ನಿಜವಾದ ಮಾತು. ಈ ಕಥೆಯಲ್ಲಿ ನನ್ನ ತಂಗಿಯದೇ ಸರಿ ಅಂತ ನಾನು ಹೇಳಲು ಹೊರಟಿಲ್ಲ. ಅವಳ ಕೈಯಿಂದ ತಪ್ಪಾಗಿತ್ತು, ತಿನ್ನುವ ಬಾಯಿಗೆ ಕಲ್ಲು ಬಿದ್ದಿತ್ತು. ಆ ತಪ್ಪಿಗೆ ಏನು ಹೆಸರಿಡಬೇಕು ಅನ್ನುವುದಷ್ಟೇ ನನ್ನ ಜಗಳ.

ವಿಚಾರಣೆ ಬಂತು. ತಿದ್ದುಪಡಿ ಆದದ್ದು ಸಾಹೇಬರ ಲಾಗಿನ್ನಿನಲ್ಲಿ, ಸಾಹೇಬರಿದ್ದದ್ದು ಮದುವೆಮನೆಯಲ್ಲಿ. ಪಾಸ್‌ವರ್ಡ್ ಯಾರಿಗೂ ಕೊಟ್ಟೇ ಇಲ್ಲ, ಆ ಹುಡುಗಿ ಕದ್ದಿದ್ದಾಳೆ ಅಂತ ಸಾಹೇಬರು ಬರೆದುಕೊಟ್ಟರು. ಹಾಲ್‌ನಲ್ಲಿ ಕೂಗಿದ್ದನ್ನು ಕೇಳಿಸಿಕೊಂಡವರೆಲ್ಲ ಆವತ್ತು ಕಿವುಡರಾದರು. ಅಪ್ಪಣೆಯಿಲ್ಲದೆ ಕಂಪ್ಯೂಟರಿನ ಒಳಪ್ರವೇಶ, ಸರ್ಕಾರಿ ದಾಖಲೆ ತಿರುಚಿದ್ದು, ಅದಕ್ಕೆ ವಂಚನೆಯನ್ನೂ ಪೋಣಿಸಿ ಕೇಸು ಕಟ್ಟಿದರು. ಕೂತ ಕುರ್ಚಿಯಿಂದಲೇ ಎಬ್ಬಿಸಿ ಕರೆದುಕೊಂಡು ಹೋದರು.

ಸ್ಟೇಷನ್ನಿನಲ್ಲಿ ಅವಳು ಏನನ್ನೂ ಮುಚ್ಚಿಡಲಿಲ್ಲ. ಸಾಹೇಬರ ಲಾಗಿನ್ನಿನೊಳಗೆ ಯಾಕೆ ಹೋದೆ ಅಂತ ಕೇಳಿದರೆ, “ಗುಡಿಸು ತೆಗೆಯೋಕೆ ಒಳಗೋದೆ ಸಾ” ಅಂದಳು. ಹೇಳಿಕೆ ಬರೆದುಕೊಳ್ಳುತ್ತಿದ್ದವನು ಕಾಗುಣಿತ ಮರೆತು ಯಾವ ಕಾಲವಾಗಿತ್ತೋ. ಆಮೇಲೆ ವಕೀಲರು ತರಿಸಿದ ಕಾಗದದಲ್ಲಿ ನೋಡಿದರೆ, ‘ಆರೋಪಿಯು ಕಚೇರಿಯ ಕಸ ಗುಡಿಸುವ ನೆಪದಲ್ಲಿ ಒಳಪ್ರವೇಶಿಸಿ’ ಅಂತ ಬರೆದಿತ್ತು. ಓದಿ ನನಗೆ ನಗು ಬಂತು. ತಂಗಿ ನಗಲಿಲ್ಲ.

“ಇಷ್ಟು ಓದಿ ಬರ್ದು ಮಾಡ್ದೆ ಅಣ್ಣ. ಕೊನೆಗೂ ನನ್ ಕೈಗೂ ಪೊರಕೆನೇ ಕೊಟ್ರು.”

ಇನ್ಸ್‌ಪೆಕ್ಟರ್ ಕೆಟ್ಟವರಲ್ಲ. ನನ್ನನ್ನು ಕೂರಿಸಿ, ಟೀ ತರಿಸಿ ಮಾತಾಡಿದರು. “ನಿಮ್ ತಂಗಿ ಕಳ್ಳಿ ಅಂತ ನಾನು ಅನ್ನಲ್ಲ ಕಣ್ರೀ. ಆದ್ರೆ ಇವತ್ತು ಆಯಮ್ಮ ಒಂದಕ್ಷರ ಸೇರ್ಸವ್ರೆ. ನಾಳೆ ಇನ್ಯಾವನೋ ಒಳಕ್ಕೆ ನುಗ್ಗಿ ನಿಮ್ ಪಹಣಿಗೆ ಅವನ ಹೆಸರೇ ಕೂರಿಸ್ತಾನೆ ಅನ್ಕಳಿ. ಆಗ ನೀವೇ ಬಂದು ನನ್ ಮುಂದೆ ಕೂಗಾಡಲ್ವಾ?”

ಆಗ ನನಗೆ ಉತ್ತರ ಹೊಳೆಯಲಿಲ್ಲ. ಹೊಳೆಯದೆ ಇದ್ದುದಕ್ಕೆ ಕಾರಣವೂ ಇತ್ತು. ನಮ್ಮ ಕಾರ್ಖಾನೆಯ ಫಿಟ್ಟರ್ ಒಬ್ಬನಿಗೆ ಯಾರೋ ಫೋನಿನಲ್ಲಿ ಸಾರ್ ಸಾರ್ ಅಂತ ನಯವಾಗಿ ಮಾತಾಡಿ, ಮಗಳ ಮದುವೆಗೆ ಇಟ್ಟಿದ್ದನ್ನೆಲ್ಲ ನುಂಗಿದ್ದರು. ಇಂಥವರನ್ನು ಸಾಯುವ ತನಕ ಒಳಗೆ ಹಾಕಿ ಕೊಳೆಸಬೇಕು ಅಂತ ಕ್ಯಾಂಟೀನಿನ ಮೇಜು ಗುದ್ದಿ ಹೇಳಿದವನು ನಾನೇ. ಇವತ್ತಿಗೂ ಅವರ ಬಗ್ಗೆ ನನ್ನದು ಅದೇ ಮಾತು. ಮನೆಗೆ ಬರುವಾಗ ಬಸ್ಸಿನಲ್ಲಿ ಉತ್ತರ ಹೊಳೆಯಿತು. ಹೌದು ಸಾರ್, ಕೂಗಾಡುತ್ತೇನೆ. ನನ್ನ ಪಹಣಿ ಕದ್ದವನನ್ನೂ ನನ್ನ ತಂಗಿಯನ್ನೂ ಒಂದೇ ಹಗ್ಗದಲ್ಲಿ ಕಟ್ಟಬೇಡಿ ಅಂತಲೂ ಕೂಗಾಡುತ್ತೇನೆ. ಅವಳ ಕೆಲಸ ಕಿತ್ತುಕೊಳ್ಳಿ, ದಂಡ ಹಾಕಿ, ಆ ಮುದುಕಿಯರ ಮುಂದೆ ನಿಲ್ಲಿಸಿ ಕೈ ಮುಗಿಸಿ. ಒಳಗೆ ಹೋದವಳು ಅಲ್ಲಿಂದ ಏನು ಹೊತ್ತುಕೊಂಡು ಬಂದಳು ಅಂತ ಒಂದು ಸಲವಾದರೂ ಕೇಳಿ. ಬಾಗಿಲು ತೆಗೆದಿಟ್ಟು, ಬೀಗದಕೈ ಕೈಗೇ ಕೊಟ್ಟು ಮದುವೆ ಊಟಕ್ಕೆ ಹೋದವರನ್ನೂ ಕೇಳಿ.

ಅಪ್ಪಣೆಯಿಲ್ಲದ ಒಳಪ್ರವೇಶ ಹೊಸ ಕಾಲದ ಅಪರಾಧ ಅಂತ ಪೇಪರಿನವರು ಬರೆಯುತ್ತಾರೆ. ನಮಗೆ ಅದು ಹೊಸದೇನಲ್ಲ. ಅವ್ವ ಅಷ್ಟು ವರ್ಷ ಪಟೇಲರ ಮನೆ ಗುಡಿಸಿದ್ದು ಹೊಸ್ತಿಲ ತನಕ. ಹೊಸ್ತಿಲ ಆಚೆ ಏನಿದೆ ಅಂತ ಅವಳಿಗೆ ಗೊತ್ತಿರಲಿಲ್ಲ, ನೋಡಬೇಕು ಅಂತ ಕತ್ತು ಚಾಚಿದವಳೂ ಅಲ್ಲ.

ತಂಗಿಯನ್ನು ಮೈಸೂರಿನ ಜೈಲಿಗೆ ಹಾಕಿದರು. ಜಾಮೀನು ಸಿಕ್ಕಿತು, ಜೊತೆಗೆ ಷರತ್ತೂ ಬಂತು. ಸಾಕ್ಷಿಗಳನ್ನು ನೋಡಬಾರದು, ಮಾತಾಡಿಸಬಾರದು, ಅವರಿರುವ ಕಡೆ ಸುಳಿಯಬಾರದು. ಯಾರು ಸಾಕ್ಷಿಗಳು ಅಂತ ವಕೀಲರನ್ನು ಕೇಳಿದೆವು. ಯಾರ ಯಾರ ಹೆಸರು ತಿದ್ದಲಾಗಿದೆಯೋ ಅವರೆಲ್ಲ ಅಂದರು. ತಂಗಿ ಮೆಲ್ಲಗೆ ಕೇಳಿದಳು.

“ಹಂಗಾದ್ರೆ ನಮ್ಮವ್ವ?”

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. “ನಿಮ್ಮವ್ವನೂ ಕಣಮ್ಮ. ನಿಮ್ಮವ್ವನೇ ಮೊದಲನೇ ಹೆಸರು.”

ಹೀಗೆ ಅವ್ವ ನನ್ನ ತಂಗಿಯ ವಿರುದ್ಧ ಸಾಕ್ಷಿಯಾದಳು. ಅವಳ ಹೇಳಿಕೆಯನ್ನೂ ತೆಗೆದುಕೊಂಡಿದ್ದರು. ಪೊಲೀಸಿನವರು ತಂಗಿ ತಿದ್ದಿದ ಹೆಸರು ಹಿಡಿದು, ‘ಮ್ಮ’ ಸೇರಿಸಿ ಕೂಗಿದಾಗ ಅವ್ವ ಹಿಂದಕ್ಕೆ ತಿರುಗಿ ನೋಡಿದಳು. ಮೇಲಿನ ಬೀದಿಯವಳು ಬಂದಿರಬೇಕು ಅಂದುಕೊಂಡಳಂತೆ. ಇದು ನಿನ್ನ ಹೆಸರಾ ಅಂತ ಕೇಳಿದ್ದಕ್ಕೆ, “ಇಲ್ಲ ಬುದ್ದಿ, ಅದು ದೊಡ್ಡೋರ ಎಸ್ರು” ಅಂದಳು. ಅದನ್ನು ಹಾಗೇ ಬರೆದುಕೊಂಡರು. ಆ ಒಂದು ಮಾತು ಸಾಕಿತ್ತು ಅವರಿಗೆ.

ತಂಗಿ ನಂಜನಗೂಡಿಗೆ, ನನ್ನ ಮನೆಗೆ ಬಂದಳು. ಅವ್ವ ಊರಿನಲ್ಲೇ ಉಳಿದಳು. ಅವ್ವನನ್ನು ಇಲ್ಲಿಗೆ ಕರೆತರುವ ಹಾಗಿರಲಿಲ್ಲ, ಇವಳು ಅಲ್ಲಿಗೆ ಹೋಗುವ ಹಾಗಿರಲಿಲ್ಲ. ನಾನು ಅವ್ವನಿಗೆ ಫೋನು ಮಾಡಿ ಸ್ಪೀಕರ್ ಹಾಕುತ್ತಿದ್ದೆ, ತಂಗಿ ಗೋಡೆಗೆ ಒರಗಿ ಬಾಯಿಗೆ ಸೆರಗು ಒತ್ತಿಕೊಂಡು ಕೂತಿರುತ್ತಿದ್ದಳು. ಅವ್ವನಿಗೆ ಅದು ಗೊತ್ತಾಗದೆ ಇರುತ್ತದೆಯೇ.

“ನಾನು ನಿಂಗೇ ಏಳ್ತಿರಾದು ಕಣ್ಲಾ, ಇನ್ಯಾರ್ಗೂ ಅಲ್ಲ. ತಲೆಗೆ ಎಣ್ಣೆ ಒತ್ಕೊ. ಒತ್ತೊತ್ತಿಗೆ ಉಣ್ಣು. ಅತ್ತೂ ಅತ್ತೂ ಕಣ್ಣು ಕೆಡಿಸ್ಕಬ್ಯಾಡ.”

ನನ್ನ ತಲೆಯಲ್ಲಿ ಎಣ್ಣೆ ಹಚ್ಚುವಷ್ಟು ಕೂದಲು ಉಳಿದೂ ಇಲ್ಲ. ನಾನು ಹೂಂ ಅವ್ವ, ಹೂಂ ಅವ್ವ ಅನ್ನುತ್ತಿದ್ದೆ.

ಕೇಸು ತಿ. ನರಸೀಪುರದಲ್ಲಿ. ವಾಯಿದೆ ಇದ್ದ ದಿನ ನಾವಿಬ್ಬರೂ ಬಸ್ಸಿನಲ್ಲಿ ಹೋಗುತ್ತಿದ್ದೆವು, ಬಸ್ಸು ನಮ್ಮೂರಿಗೆ ತಿರುಗುವ ಗೇಟಿನಲ್ಲಿ ನಿಲ್ಲುತ್ತಿತ್ತು. ಅವ್ವ ಬೆಳಗಿನಿಂದಲೇ ಬಂದು ಹುಣಸೆಮರದ ಕೆಳಗೆ ನಿಂತಿರುತ್ತಿದ್ದಳು. ತಂಗಿ ಕಿಟಕಿಯ ಪಕ್ಕ. ಜನ ಹತ್ತಿ ಇಳಿಯುವಷ್ಟು ಹೊತ್ತು ಒಬ್ಬರನ್ನೊಬ್ಬರು ನೋಡಿಕೊಳ್ಳುತ್ತಿದ್ದರು, ಅಷ್ಟೇ. ಒಂದು ಸಲ ಅವ್ವನಿಗೆ ತಡೆಯಲಿಲ್ಲ. ಬಟ್ಟೆಯಲ್ಲಿ ಕಟ್ಟಿದ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯನ್ನು ಕಿಟಕಿಗೆ ಎತ್ತಿ ಹಿಡಿದಳು. “ನಿಂಗೆ ಕಣ್ಲಾ ಮಗಾ” ಅಂತ ನನ್ನ ಮುಖ ನೋಡಿ ಹೇಳಿದಳು. ಗಂಟು ತೆಗೆದುಕೊಂಡದ್ದು ತಂಗಿಯ ಕೈ. ಬೆರಳಿಗೆ ಬೆರಳು ತಾಗಿರಬೇಕು, ತಂಗಿ ಆ ಕೈಯನ್ನು ಕೋರ್ಟು ಬರುವ ತನಕ ಮಡಿಲಲ್ಲಿ ಮುಚ್ಚಿಟ್ಟುಕೊಂಡಿದ್ದಳು.

ಅದನ್ನು ಯಾರೋ ಮೊಬೈಲಿನಲ್ಲಿ ಹಿಡಿದರು. ಮುಂದಿನ ವಾಯಿದೆಯಲ್ಲಿ ಆ ವಿಡಿಯೋ ಬಂತು. ಆರೋಪಿ ಸಾಕ್ಷಿಯನ್ನು ಒಲಿಸಿಕೊಳ್ಳುತ್ತಿದ್ದಾಳೆ, ಜಾಮೀನು ರದ್ದು ಮಾಡಿ ಅಂತ ಸರ್ಕಾರಿ ವಕೀಲರು ಕೇಳಿದರು. ಕೋರ್ಟು ರದ್ದು ಮಾಡಲಿಲ್ಲ, ಇದೇ ಕೊನೆ ಅಂತ ಎಚ್ಚರಿಸಿ ಬಿಟ್ಟಿತು. ಅವತ್ತಿನಿಂದ ನಾವು ಸುತ್ತು ಬಳಸಿ ಮೈಸೂರಿನ ಮೇಲೆ ಹೋಗತೊಡಗಿದೆವು. ಅವ್ವನಿಗೆ ಗೇಟಿಗೆ ಬರಬೇಡ ಅಂತ ಹೇಳಿದ್ದೆ. ಆದರೂ ವಾಯಿದೆ ದಿನ ಬಂದು ನಿಲ್ಲುತ್ತಿದ್ದಳು ಅಂತ ದೊಡ್ಡವ್ವ ಆಮೇಲೆ ಹೇಳಿದಳು. ಅಷ್ಟು ಹೊತ್ತಿಗೆ ದೊಡ್ಡವ್ವನ ಸಿಟ್ಟು ಇಳಿದಿತ್ತು. ಹೆಸರುಗಳು ಮೊದಲಿನ ಹಾಗಾಗಿ ಅವರ ವೇತನ ಬರತೊಡಗಿತ್ತು. ಎಲ್ಲರ ಗುಡಿಸೂ ಅವರವರಿಗೆ ವಾಪಸು ಬಂದಿತ್ತು.

ಅವ್ವನ ಎದೆಯಲ್ಲಿ ನೀರು ತುಂಬಿದ್ದು ಆ ಮಳೆಗಾಲದಲ್ಲಿ. ನಂಜನಗೂಡಿನ ಒಂದು ಆಸ್ಪತ್ರೆಗೆ ತಂದು ಸೇರಿಸಿದೆ. ನನ್ನ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ತಾಯಿಯನ್ನು ನೋಡಲು ಅನುಮತಿ ಕೊಡಿ ಅಂತ ವಕೀಲರು ಅರ್ಜಿ ಹಾಕಿದರು. ಅದಕ್ಕೂ ಒಂದು ವಾಯಿದೆ ಕೊಟ್ಟರು. ಸುಮ್ಮನೆ ಒಳಗೆ ಹೋಗಿಬಿಡು, ಯಾರು ನೋಡುತ್ತಾರೆ ಅಂತ ನಾನು ತಂಗಿಗೆ ಹೇಳಿದೆ.

“ಬ್ಯಾಡ ಅಣ್ಣ. ಕೇಳ್ದೆ ಒಳಕ್ಕೆ ಓಗೇ ಇಷ್ಟೆಲ್ಲ ಆದದ್ದು.”

ದಿನಾ ಬಂದು ಆಸ್ಪತ್ರೆಯ ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದಳು. ನಾನು ಒಳಗಿನಿಂದ ಬಂದು ಅವ್ವ ಗಂಜಿ ಕುಡಿದಳು, ಮಗ್ಗುಲು ಬದಲಾಯಿಸಿದಳು ಅಂತ ವರದಿ ಒಪ್ಪಿಸುತ್ತಿದ್ದೆ. ಒಳಗೆ ಹೋಗಿ, ಕೂಸು ಎದುರಿಗೇ ಇದ್ದಾಳೆ ಅಂತ ಅವ್ವನಿಗೆ ಹೇಳುತ್ತಿದ್ದೆ. ಅವ್ವ ಕಿಟಕಿಯ ಕಡೆ ನೋಡುತ್ತಿದ್ದಳು. ಆ ಕಿಟಕಿ ಹಿತ್ತಲ ಕಡೆಗಿತ್ತು, ರಸ್ತೆ ಕಾಣುತ್ತಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ಅವಳು ಕೇಳಿದಳು.

“ಅದೇನ್ಲಾ ಆ ಕೂಸು ನಂಗ್ ಮಾಡಿದ್ದು? ನಂಗಿನ್ನೂ ಯಾರೂ ಸರ್ಯಾಗಿ ಏಳ್ಲಿಲ್ಲ.”

ಹೇಳಿದೆ. ನಿನ್ನ ಹೆಸರಿನ ಗುಡಿಸು ತೆಗೆದು ಅಮ್ಮ ಅಂತ ಮಾಡಿದಳು ಅಂದೆ. ಅವ್ವ ಆ ಹೆಸರನ್ನು ತಾನೇ ಒಂದು ಸಲ ಮೆಲ್ಲಗೆ ಹೇಳಿಕೊಂಡಳು. ನಾಚಿಕೆಯಾದವಳ ಹಾಗೆ ಮುಖಕ್ಕೆ ಸೆರಗು ಎಳೆದುಕೊಂಡು, “ಚೆನ್ನಾಗದೆ” ಅಂದಳು. ಹೊರಗೆ ಬಂದು ತಂಗಿಗೆ ಹೇಳಿದರೆ ಅವಳು ಟೀ ಅಂಗಡಿಯವರ ಮುಂದೆಯೇ ಬಿಕ್ಕಿ ಬಿಕ್ಕಿ ಅತ್ತಳು.

ಅರ್ಜಿಯ ವಾಯಿದೆ ಬರುವ ಮೊದಲೇ ಅವ್ವ ಹೋದಳು. ನಾನು ವಕೀಲರಿಗೆ ಫೋನು ಮಾಡಿದೆ. ಅವರು, “ಈಗ ಕಳಿಸಿ, ಈಗ ತೊಂದರೆ ಇಲ್ಲ. ಸಾಕ್ಷಿ ಇಲ್ವಲ್ಲ” ಅಂದರು. ಅವರಿಗೂ ಅಳು ಬಂದಿತ್ತು ಅನ್ನಿಸುತ್ತದೆ. ರಸ್ತೆ ದಾಟಿ ತಂಗಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ವಾರ್ಡಿನ ಬಾಗಿಲಲ್ಲಿ ಅವಳು ನಿಂತುಬಿಟ್ಟಳು. “ಓಗ್ಬೋದಾ?” ಅಂತ ನರ್ಸನ್ನು ಕೇಳಿದಳು. ನರ್ಸು ಹೋಗಮ್ಮ ಅಂದ ಮೇಲೇ ಒಳಗೆ ಕಾಲಿಟ್ಟಳು.

ಮಣ್ಣು ಮಾಡಿ, ವಿಹಾರದಲ್ಲಿ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ ಎಲ್ಲ ಮುಗಿದ ಮೇಲೆ ಮರಣ ಪತ್ರಕ್ಕೆ ಅಂತ ಇಬ್ಬರೂ ಹೋದೆವು. ಕೌಂಟರಿನಲ್ಲಿ ಕೂತಿದ್ದವಳು ಎಳೆಯ ಹುಡುಗಿ, ಅವಳೂ ಹೊರಗುತ್ತಿಗೆಯವಳೇ ಇರಬೇಕು. ಆಸ್ಪತ್ರೆಯ ಕಾಗದ ನೋಡಿ ಅವ್ವನ ಹೆಸರನ್ನು ಒಂದೊಂದೇ ಅಕ್ಷರ ಒತ್ತಿದಳು. ಕೊನೆಗೆ ಬಂದಾಗ ಬೆರಳು ನಿಲ್ಲಿಸಿ ನಮ್ಮಿಬ್ಬರ ಮುಖ ನೋಡಿದಳು. ನಮ್ಮವಳೇ ಇರಬಹುದು, ಅವಳ ಅಜ್ಜಿಯ ಹೆಸರೂ ಹೀಗೇ ಮುಗಿಯುತ್ತಿರಬಹುದು. ಯಾರಿಗೂ ಕೇಳದ ಹಾಗೆ ಬಗ್ಗಿ ಕೇಳಿದಳು.

“ಅಣ್ಣಾ, ಹೆಸರು ಬರೀ ಹಿಂಗೇ ಅದೆ. ಕೊನೇಲಿ ಅಮ್ಮ ಅಂತ ಸೇರಿಸ್ಲಾ? ಚೆನ್ನಾಗಿರ್ತದೆ.”

ನನ್ನ ಬಾಯಿಗೆ ಹೂಂ ಬಂದಿತ್ತು. ಅಷ್ಟರಲ್ಲಿ ತಂಗಿ ಗಾಜಿನ ಕಿಂಡಿಯೊಳಗೆ ಕೈ ತೂರಿಸಿ ಆ ಹುಡುಗಿಯ ಕೈಯನ್ನು ಕೀಬೋರ್ಡಿನಿಂದ ಎತ್ತಿದಳು.

“ಬ್ಯಾಡ ಕಣವ್ವ. ನಿನ್ ದಮ್ಮಯ್ಯ, ಬ್ಯಾಡ. ಗುಡಿಸೇ ಇರ್ಲಿ.”